ಯಕೃತ್ತಿನ ಗಡ್ಡೆಯಲ್ಲಿ ಪಿಎಲ್‌ಕೆ1: ಆರನೆಯ ವಾರದ ಟಿಪ್ಪಣಿ

ಕೋಶ ವಿಭಜನೆಗೆ ಬೇಕಾದ ಪಿಎಲ್‌ಕೆ1 ಎಂಬ ಪ್ರೋಟೀನನ್ನು ತಡೆದರೆ ಕ್ಯಾನ್ಸರ್‌ನ ಔಷಧಿ ಡಾಕ್ಸೊರುಬಿಸಿನ್‌ಗೆ ನೆರವಾದೀತೇ ಎಂದು ಹುಡುಕುತ್ತಿದ್ದೇನೆ. ಕಳೆದ ವಾರದ ನಕ್ಷೆಗಳನ್ನೆಲ್ಲ ಅಳಿಸಿದೆ. ಟಿಸಿಜಿಎ ಎಂಬ ಕ್ಯಾನ್ಸರ್ ಜೀನ್‌ಗಳ ದತ್ತಾಂಶದಲ್ಲಿ ಯಕೃತ್ತಿನ ಕ್ಯಾನ್ಸರ್ ಬಂದ 371 ರೋಗಿಗಳ ಗಡ್ಡೆಯ ಮಾದರಿಗಳಿವೆ. ಗಡ್ಡೆಯ ಪಕ್ಕದಿಂದ ತೆಗೆದ 50 ಸಹಜ ಅಂಗಾಂಶಗಳೂ ಅದೇ ಕಡತದಲ್ಲಿವೆ. ಮಾದರಿಯ ಹೆಸರಿನಲ್ಲಿ 01 ಎಂದಿದ್ದರೆ ಗಡ್ಡೆ, 11 ಎಂದಿದ್ದರೆ ಸಹಜ. ಅದನ್ನು ಗಮನಿಸದೆ ಎರಡನ್ನೂ ಕೂಡಿಸಿ ಜೀನ್‌ಗಳ ಚಟುವಟಿಕೆಯ ಸರಾಸರಿ ತೆಗೆದಿದ್ದೆ.

ಬೇರ್ಪಡಿಸಿದ ಮೇಲೆ ವ್ಯತ್ಯಾಸ ಎದ್ದು ಕಂಡಿತು. ಕೋಶ ವಿಭಜನೆಯನ್ನು ನಡೆಸುವ ಪಿಎಲ್‌ಕೆ1, ಅರೋರಾ ಕೈನೇಸ್ ಎ, ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಕದಿರಿನ ಎರಡು ತುದಿಗಳನ್ನು ದೂರ ತಳ್ಳುವ ಕೆಐಎಫ್11, ಎಲ್ಲವೂ ಗಡ್ಡೆಯಲ್ಲಿ ಏರಿವೆ. ಹಿಗ್ಗಿದೆ. ಮರುದಿನ ಯೋಚಿಸಿದಾಗ ಹಿಗ್ಗು ಇಳಿಯಿತು: ಇವೆಲ್ಲ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ವೇಗವಾಗಿ ಒಡೆಯುವ ಕೋಶಗಳಿದ್ದಲ್ಲಿ ಅವು ಹೆಚ್ಚಿರಲೇಬೇಕು. ಯಾವುದನ್ನು ತಡೆದರೆ ಔಷಧಿಗೆ ನೆರವಾದೀತು ಎಂಬುದನ್ನು ಈ ನಕ್ಷೆ ಹೇಳುವುದಿಲ್ಲ.

ಡೆಪ್‌ಮ್ಯಾಪ್‌ನಲ್ಲಿ (ಯಾವ ಜೀನ್ ತೆಗೆದರೆ ಯಾವ ಕ್ಯಾನ್ಸರ್ ಕೋಶ ಸಾಯುತ್ತದೆ ಎಂದು ತೋರಿಸುವ ದತ್ತಾಂಶ) ಹುಡುಕಿದೆ. ಪಿಎಲ್‌ಕೆ1 ಇಲ್ಲದೆ ಬಹುತೇಕ ಯಾವ ಕ್ಯಾನ್ಸರ್ ಕೋಶಸಾಲೂ (ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶಗಳು) ಬದುಕುವುದಿಲ್ಲ. ಅಸ್ಥಿಮಜ್ಜೆಯ ಕೋಶಗಳೂ ಒಡೆಯುತ್ತಲೇ ಇರುವುದರಿಂದ ಪೂರ್ಣ ತಡೆ ರೋಗಿಯ ಬಿಳಿ ರಕ್ತಕಣಗಳನ್ನು ಕುಸಿಯಿಸುತ್ತದೆ. (ಹೆಪ್‌ಜಿ2 ಕೋಶಸಾಲನ್ನು ಪಟ್ಟಿಯಿಂದ ಬಿಟ್ಟೆ, ಅದು 15 ವರ್ಷದ ಹುಡುಗನ ಗಡ್ಡೆಯಿಂದ ಬಂದದ್ದು, ಮಕ್ಕಳಲ್ಲಿ ಕಾಣುವ ಹೆಪಟೋಬ್ಲಾಸ್ಟೋಮಾ ಎಂದು ಆಮೇಲೆ ಗುರುತಿಸಲಾಯಿತು.)

ಆದರೂ ಈ ಪ್ರೋಟೀನನ್ನು ಬಿಡಲು ನನಗೆ ಮನಸ್ಸಿಲ್ಲ. ನನ್ನ ಸೋದರಮಾವನಿಗೆ ಡಾಕ್ಸೊರುಬಿಸಿನ್ ಕೊಡುತ್ತಿದ್ದಾಗ ಪ್ರತಿ ಸಲವೂ ಬಿಲಿರುಬಿನ್ (ಯಕೃತ್ತು ಕೆಟ್ಟಾಗ ರಕ್ತದಲ್ಲಿ ಏರುವ ಹಳದಿ ವಸ್ತು) ನೋಡಿ ಪ್ರಮಾಣ ಇಳಿಸುತ್ತಿದ್ದರು. ಆ ಔಷಧಿಯನ್ನು ದೇಹದಿಂದ ಹೊರಹಾಕಬೇಕಾದದ್ದು ಯಕೃತ್ತೇ. ಕೆಟ್ಟ ಯಕೃತ್ತಿಗೆ ಆ ಶಕ್ತಿ ಉಳಿದಿರುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಒಂದೇ: ಔಷಧಿ ಕಡಿಮೆಯಾದಾಗಲೂ ಅದು ಸಾಕಾಗುವಂತೆ ಮಾಡಬಹುದೇ? ಡಾಕ್ಸೊರುಬಿಸಿನ್ ಡಿಎನ್‌ಎ ಕಡಿದಾಗ ಕೋಶ ವಿಭಜನೆಯ ಹೊಸ್ತಿಲಲ್ಲಿ ನಿಂತು ದುರಸ್ತಿ ಮಾಡಿಕೊಳ್ಳುತ್ತದೆ. ಮತ್ತೆ ಹೊರಡಲು ಅದಕ್ಕೆ ಪಿಎಲ್‌ಕೆ1 ಬೇಕು. ಆ ಹೊತ್ತಿನಲ್ಲಿ, ಪೂರ್ತಿ ಅಲ್ಲದಿದ್ದರೂ ಅರೆಬರೆ ತಡೆದರೆ?

ಮೊದಲು ಡಾಕ್ಸೊರುಬಿಸಿನ್, ಆಮೇಲೆ ತಡೆಕಾರಕ ಎಂಬ ಕ್ರಮವೇ ಸರಿಯಿರಬೇಕು ಎಂದು ನನ್ನ ಊಹೆ. ಹಾನಿಗೊಂಡ ಕೋಶವನ್ನು ತಡೆದು ನಿಲ್ಲಿಸುವ ಪಿ53 ಎಂಬ ಪ್ರೋಟೀನ್ ಕೆಟ್ಟಿರುವ ಕೋಶಗಳಿಗೆ ಮೊದಲಿನ ತಪಾಸಣೆಯ ಘಟ್ಟ ಇರುವುದಿಲ್ಲ, ಅವು ಈ ಹೊಸ್ತಿಲನ್ನೇ ನೆಚ್ಚಿಕೊಂಡಿರುತ್ತವೆ. ಮುಂದಿನ ವಾರ 371 ಗಡ್ಡೆಗಳನ್ನು ಪಿ53 ಸ್ಥಿತಿಯ ಪ್ರಕಾರ ಎರಡು ಗುಂಪು ಮಾಡುತ್ತೇನೆ. ಕೋಶಸಾಲುಗಳಲ್ಲಿ ಪಿ53 ಇಲ್ಲದ ಹೆಪ್3ಬಿ, ಅದು ರೂಪಾಂತರಗೊಂಡ ಹುಹ್7, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.