ಐಪಿ ಅರ್ಜಿಯಲ್ಲಿ ವಿಮೆ ಬಾಂಡ್ ಬರೆಯದೇ ಬಿಟ್ಟಾಗ

ಬಳ್ಳಾರಿಯಲ್ಲಿ ಜೀವ ವಿಮೆ ಏಜೆಂಟ್ ಆಗಿ ನನಗೆ 18 ವರ್ಷ ಆಯಿತು. ಕಂತು ಕಟ್ಟಿಸುವುದು, ಕ್ಲೇಮ್ ಕೊಡಿಸುವುದು, ನಾಮಿನಿ ಬದಲಾಯಿಸುವುದು ಎಲ್ಲ ಕೈಗೆ ಕೂತ ಕೆಲಸ. ಆದರೆ ಸಾಲದಲ್ಲಿ ಮುಳುಗಿದ್ದ ನನ್ನ ಪಾಲಿಸಿದಾರರೊಬ್ಬರು ಕೇಳಿದ ಪ್ರಶ್ನೆಗೆ ನಾನು ಯೋಚಿಸದೆ ಉತ್ತರ ಕೊಟ್ಟೆ. ಅದರಿಂದ ಅವರು ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಅವರದು ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಮಾಲು ತಗೊಂಡವರು ದುಡ್ಡು ಕೊಡಲಿಲ್ಲ, ಬಟ್ಟೆ ಕೊಟ್ಟವರು ಬಿಡಲಿಲ್ಲ. ಬ್ಯಾಂಕ್, ಫೈನಾನ್ಸ್, ಕೈಸಾಲ ಸೇರಿ ಬಡ್ಡಿ ಕಟ್ಟುವುದೂ ಆಗದ ಸ್ಥಿತಿಗೆ ಬಂದರು. ಕೊನೆಗೆ ಐಪಿ ಹಾಕುವುದೆಂದು ತೀರ್ಮಾನ ಮಾಡಿದರು. ನಮ್ಮ ಕಡೆ ದಿವಾಳಿ ಅರ್ಜಿಗೆ ಜನ ಹೇಳುವುದೇ ಐಪಿ ಅಂತ. ವಕೀಲರ ಫೀಸಿಗೆ ದುಡ್ಡಿರಲಿಲ್ಲ. ತಾವೇ ಅರ್ಜಿ ಬರೆದು, ತಾವೇ ನಿಂತು ನಡೆಸುತ್ತೇನೆ ಅಂದರು. ಅದಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ.

ಒಂದು ಸಂಜೆ ಮನೆಗೆ ಬಂದು ಕೇಳಿದರು: “ಅಣ್ಣಾ, ಆಸ್ತಿ ಪಟ್ಟಿ ಬರಿಯಾಕತ್ತೀನಿ. ಬಾಂಡಿಗೆ ನಾಮಿನಿ ನಮ್ಮಾಕಿ ಅದಾಳ. ಅಂದ್ರ ಅದು ಆಕೀದಾತಲ್ಲ, ಬರೀಬೇಕಾ?”

“ಬ್ಯಾಡ ಬಿಡಪ, ವಿಮೆ ರೊಕ್ಕ ಯಾರೂ ಮುಟ್ಟಂಗಿಲ್ಲ” ಅಂದುಬಿಟ್ಟೆ.

ಪಾಲಿಸಿದಾರ ಬದುಕಿರುವವರೆಗೂ ಪಾಲಿಸಿ ಅವನದೇ. ಲೋನ್ ತೆಗೆಯುವುದು, ಸರೆಂಡರ್ ಮಾಡುವುದು (ಅವಧಿಗೆ ಮುಂಚೆಯೇ ಪಾಲಿಸಿ ಮುಚ್ಚಿ ದುಡ್ಡು ತಗೊಳ್ಳುವುದು), ನಾಮಿನಿ ಬದಲಿಸುವುದು ಎಲ್ಲ ಅವನ ಕೈಯಲ್ಲಿದೆ. ನಾಮಿನಿಯ ಮಾತು ಬರುವುದು ಅವನು ತೀರಿಕೊಂಡ ಮೇಲೆ. ಇದನ್ನು ಹೊಸ ಏಜೆಂಟರಿಗೆ ನಾನೇ ಹೇಳಿಕೊಡುತ್ತೇನೆ. ಆದರೂ ಆ ದಿನ ಬಾಯಿಗೆ ಬಂದದ್ದು ಬೇರೆ. ಹೆಂಡತಿ ಮಕ್ಕಳಿಗೇ ಅಂತ ಮೀಸಲಿಡುವ ದಾರಿ ಬೇರೆ ಇದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಸೆಕ್ಷನ್ 6ರ ಪ್ರಕಾರ ಮಾಡಿಸಿದ ಪಾಲಿಸಿ ಗಂಡನಿಗೆ ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ. ಅದನ್ನು ಪ್ರಪೋಸಲ್, ಅಂದರೆ ಪಾಲಿಸಿಗೆ ಅರ್ಜಿ, ಹಾಕುವಾಗಲೇ ಬರೆಸಬೇಕು. ಅವರ ಬಾಂಡ್‌ಗಳಲ್ಲಿ ಅದು ಇರಲಿಲ್ಲ. ಬರೆಸಿ ಅಂತ ಹೇಳಬೇಕಾದವನು ನಾನೇ ಆಗಿದ್ದೆ, ಹೇಳಿರಲಿಲ್ಲ.

ವಿಚಾರಣೆಯ ದಿನ ಸಾಲ ಕೊಟ್ಟವರ ವಕೀಲರು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರು. ಪ್ರತಿ ತಿಂಗಳು ಕಂತಿನ ದುಡ್ಡು ಕಟ್ ಆದದ್ದು ಅದರಲ್ಲಿ ಸಾಲಾಗಿ ಇತ್ತು. “ಇದು ಏನು? ಪಟ್ಟಿಯಲ್ಲಿ ಯಾಕಿಲ್ಲ? ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ?” ಅಂತ ಕೇಳಿದರು. ಆ ಮನುಷ್ಯ ಮುಚ್ಚಿಟ್ಟವರಲ್ಲ, ನನ್ನನ್ನು ನಂಬಿದವರು. ತಿದ್ದಿದ ಪಟ್ಟಿ ಕೊಡಲು ಕೋರ್ಟು ಅವಕಾಶ ಕೊಟ್ಟಿತು. ಆದರೆ ಆಮೇಲೆ ಅವರ ಪ್ರತಿ ಮಾತಿಗೂ ಎದುರಿನವರು ದಾಖಲೆ ಕೇಳತೊಡಗಿದರು. ಮೋಸದ ಉದ್ದೇಶದಿಂದ ಮುಚ್ಚಿಟ್ಟದ್ದು ಅಂತ ಸಾಬೀತಾದರೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಸೆಕ್ಷನ್ 69ರಲ್ಲಿ ಒಂದು ವರ್ಷದವರೆಗೆ ಜೈಲು ಇದೆ.

ಹೌದು, 1920ರ ಕಾಯ್ದೆಯೇ. 2016ರ ಹೊಸ ದಿವಾಳಿ ಸಂಹಿತೆ ಬಂದಿದೆಯಲ್ಲ ಅಂತ ಹಲವರು ಕೇಳುತ್ತಾರೆ. ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗ 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಯಲ್ಲಿದೆ. ನಮ್ಮಂಥವರಿಗೆ ಇವತ್ತಿಗೂ ಹಳೆಯ ಕಾಯ್ದೆಯೇ.

ಆ ಕಾಯ್ದೆಯ ಸೆಕ್ಷನ್ 13 ನಾನು ಓದಿದ್ದು ಈ ಘಟನೆ ಆದ ಮೇಲೆ. ಮೊದಲೇ ಓದಬೇಕಿತ್ತು. ಎಲ್ಲ ಆಸ್ತಿ, ಅದರ ಬೆಲೆ, ಅದು ಎಲ್ಲಿದೆ ಅನ್ನುವುದನ್ನು ಅರ್ಜಿಯಲ್ಲಿ ಬರೆಯಬೇಕು. ಅದನ್ನು ಕೋರ್ಟಿನ ವಶಕ್ಕೆ ಕೊಡಲು ಸಿದ್ಧ ಅಂತಲೂ ಹೇಳಬೇಕು. ಆದರೆ ಜಪ್ತಿಯಿಂದ ವಿನಾಯಿತಿ ಇರುವ ವಸ್ತುಗಳನ್ನು ಬಿಟ್ಟು. ಅಂದರೆ ಪಟ್ಟಿಯಲ್ಲಿ ಬರೆಯುವುದೇ ಬೇರೆ, ಕೊಟ್ಟುಬಿಡುವುದೇ ಬೇರೆ. ಸಾಲ ಮಾಡಿದವನ ಸ್ವಂತ ಜೀವದ ಮೇಲಿನ ಪಾಲಿಸಿಯಿಂದ ಬರಬೇಕಾದ ಹಣಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60(1)(ಕೆಬಿ) ಜಪ್ತಿಯಿಂದ ವಿನಾಯಿತಿ ಕೊಡುತ್ತದೆ. ಬಾಂಡ್ ತೋರಿಸಿ, ಅದರ ಪಕ್ಕದಲ್ಲೇ ಈ ವಿನಾಯಿತಿ ಕೇಳಿದ್ದರೆ ಸಾಕಿತ್ತು. ತೋರಿಸದವನಿಗೆ ವಿನಾಯಿತಿ ಕೇಳಲು ಯಾವ ಬಾಯಿ ಇರುತ್ತದೆ?

“ಸ್ವಂತ ಜೀವ” ಅನ್ನುವ ಮಾತು ಗಮನಿಸಿ. ಅವರ ಮೂರು ಬಾಂಡ್‌ಗಳಲ್ಲಿ ಎರಡು ಅವರ ಮೇಲಿದ್ದವು, ಒಂದು ಮಗಳ ಮೇಲೆ. ಮಗಳ ಹೆಸರಿನದು ಮಗಳದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಮಕ್ಕಳ ಪಾಲಿಸಿಗೆ ಪ್ರಪೋಸಲ್ ಹಾಕಿದ್ದು ಅಪ್ಪ. ಮಗುವಿಗೆ 18 ತುಂಬಿ ಪಾಲಿಸಿ ಮಗುವಿನ ಕೈಗೆ ಹೋಗುವವರೆಗೂ ಹಕ್ಕು ಅಪ್ಪನದೇ. ಅದೂ ಪಟ್ಟಿಗೆ ಬರಬೇಕು. (ಕೆಬಿ)ಯ ಮಾತು ಅದಕ್ಕೆ ನೇರವಾಗಿ ಹೊಂದುವುದಿಲ್ಲ. ನನಗೆ ಜಾಸ್ತಿ ನೋವಾದದ್ದು ಆ ಬಾಂಡಿನ ವಿಷಯದಲ್ಲೇ. ಮಗಳ ಮದುವೆಗೆ ಆಗುತ್ತೆ ಅಂತ ಹೇಳಿ ಮಾಡಿಸಿದವನು ನಾನು.

ಅರ್ಜಿಗೆ ಮುಂಚೆಯೇ ಸರೆಂಡರ್ ಮಾಡಿ ದುಡ್ಡು ತಗೊಳ್ಳೋಣ ಅನ್ನುವವರೂ ಬರುತ್ತಾರೆ. ಬೇಡ ಅನ್ನುತ್ತೇನೆ. ಬಾಂಡ್ ಆಗಿದ್ದಾಗ ಕೇಳಬಹುದಾದ ವಿನಾಯಿತಿ ಕೈಗೆ ನಗದು ಬಂದ ಮೇಲೆ ಉಳಿಯುವುದು ಕಷ್ಟ. ಆ ದುಡ್ಡನ್ನು ಸಾಲ ಕೊಟ್ಟವರಲ್ಲಿ ಬೇಕಾದ ಒಬ್ಬರಿಗೆ ಮಾತ್ರ ಕೊಟ್ಟು, ಮೂರು ತಿಂಗಳೊಳಗೆ ಅರ್ಜಿ ಬಂದರೆ ಆ ಪಾವತಿ ಬಿದ್ದುಹೋಗಬಹುದು. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ತಮ್ಮನ ಹೆಸರಿಗೆ ಸುಮ್ನೆ ಬರೆದುಕೊಟ್ಟ ಅಸೈನ್‌ಮೆಂಟ್ (ಪಾಲಿಸಿ ಹಕ್ಕಿನ ವರ್ಗಾವಣೆ) ಕೂಡ ಹಾಗೆಯೇ.

ಈಗ ಯಾರಾದರೂ ಐಪಿ ಅಂದರೆ ನಾನು ಮೊದಲು ಬ್ರಾಂಚಿನಿಂದ ಸ್ಟೇಟಸ್ ರಿಪೋರ್ಟ್ ತೆಗೆಸುತ್ತೇನೆ. ಪಾಲಿಸಿ ನಂಬರ್, ಯಾರ ಜೀವದ ಮೇಲೆ, ವಿಮಾ ಮೊತ್ತ, ಬೋನಸ್, ಆ ದಿನದ ಸರೆಂಡರ್ ವ್ಯಾಲ್ಯೂ ಎಲ್ಲ ಬರವಣಿಗೆಯಲ್ಲಿ ಬೇಕು. ಪಾಲಿಸಿ ಮೇಲೆ ಲೋನ್ ಇದ್ದರೆ ಅದು ಸಾಲದ ಪಟ್ಟಿಗೂ ಹೋಗಬೇಕು. ಕಂತು ನಿಂತ ಹಳೆಯ ಬಾಂಡ್‌ಗೂ ಪೇಡ್ ಅಪ್ ಬೆಲೆ, ಅಂದರೆ ಅಲ್ಲಿಯವರೆಗೆ ಕಟ್ಟಿದ ಕಂತಿಗೆ ಉಳಿಯುವ ಬೆಲೆ, ಇರಬಹುದು, ಅದನ್ನೂ ಕೇಳುತ್ತೇನೆ. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ ಆಗುವ ಜೀವನ್ ಜ್ಯೋತಿ ವಿಮೆಗೆ ಸರೆಂಡರ್ ಬೆಲೆಯೇ ಇಲ್ಲ. ಆದರೂ ಬೆಲೆ ಸೊನ್ನೆ ಅಂತ ಬರೆಸುತ್ತೇನೆ, ಏಕೆಂದರೆ ಸ್ಟೇಟ್‌ಮೆಂಟಿನಲ್ಲಿ ಅದೂ ಕಾಣುತ್ತದೆ.

ಅಷ್ಟು ಕಾಗದ ಕೈಗಿಟ್ಟು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸುತ್ತೇನೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಆ ಜೀನ್ಸ್ ಯೂನಿಟ್‌ನವರು ಪರಿಶಿಷ್ಟ ಜಾತಿಯವರೇ. ಅವರು ಒಬ್ಬರೇ ಕೋರ್ಟಿನಲ್ಲಿ ನಿಲ್ಲಬೇಕಾಗಿಯೇ ಇರಲಿಲ್ಲ.