ಬೇರ್ಸ್ ತಂಡದ ಎಡತುದಿಗೆ ಇನ್ನೂ ಆಳಿಲ್ಲ

2025ರ ಏಪ್ರಿಲ್ 25ರ ಶುಕ್ರವಾರ ಬೆಳಿಗ್ಗೆ ಐದೂವರೆಗೆ, ಮರ ಕಪಾತಿನ ಕೆಲಸದವರು ತೋಟಕ್ಕೆ ಬರುವುದಕ್ಕೆ ಇನ್ನೂ ಬಹಳ ಹೊತ್ತು ಇರುವಾಗಲೇ, ನಾನು, ಭಾವ ಮತ್ತು ಅಕ್ಕನ ಮಗ ಮೂವರೂ ಸೋಮವಾರಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆವು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಆಗತಾನೆ ಗ್ರೀನ್ ಬೇ ನಗರದಲ್ಲಿ ಆರಂಭವಾಗುತ್ತಿತ್ತು. ಶಿಕಾಗೋದಲ್ಲಿ ಐದು ವರ್ಷ ಕೆಲಸ ಮಾಡಿದಂದಿನಿಂದ ನಾನು ಬೇರ್ಸ್ ತಂಡದ ಅಭಿಮಾನಿ. ಊರಿಗೆ ಮರಳಿ ತೋಟ ನೋಡಿಕೊಳ್ಳತೊಡಗಿದ ಮೇಲೂ ಅದನ್ನು ಬಿಡಲಾಗಲಿಲ್ಲ. ಮನೆಯ ಇವರಿಬ್ಬರನ್ನೂ ಜೊತೆಗೆ ಸೇರಿಸಿಕೊಂಡೆ. ಡ್ರಾಫ್ಟ್ ಮುಗಿದು ತಿಂಗಳಾಗುತ್ತ ಬಂದರೂ ತಂಡದ ದಾಳಿ ಪಡೆಯ ಬಗ್ಗೆ ನಮ್ಮ ಮೂವರ ವಾದ ನಿಂತಿರಲಿಲ್ಲವಾದ್ದರಿಂದ, 2025ರ ಮೇ ತಿಂಗಳ ನನ್ನ ಅಭಿಪ್ರಾಯವನ್ನು ಇಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ.

ವಾದದ ಮೂಲ 2024ರ ಋತುವಿನಲ್ಲಿದೆ. 2024ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕೇಲೆಬ್ ವಿಲಿಯಮ್ಸ್ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸಿ ಪಾಸ್ ಎಸೆಯುವವರು. ಅವರು ತಮ್ಮ ಮೊದಲ ವರ್ಷದಲ್ಲೇ 3,541 ಗಜಗಳಷ್ಟು ಪಾಸ್ ಎಸೆದರು, ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್‌ಗಳನ್ನು 20 ಸಲ ಕೊಡಿಸಿದರು, ಎದುರಾಳಿಯ ಕೈಗೆ ಚೆಂಡನ್ನು ಕೊಟ್ಟದ್ದು 6 ಸಲ ಮಾತ್ರ. ಹೊಸಬರೊಬ್ಬರಿಗೆ ಇದು ಒಳ್ಳೆಯ ಲೆಕ್ಕವೇ. ಆದರೆ ಅದೇ 17 ಪಂದ್ಯಗಳಲ್ಲಿ ಅವರು 68 ಬಾರಿ ಸ್ಯಾಕ್ ಆದರು. ಅಂದರೆ ಚೆಂಡನ್ನು ಎಸೆಯುವ ಮೊದಲೇ ಎದುರಾಳಿಗಳು ಪ್ರತಿ ಪಂದ್ಯದಲ್ಲೂ ಸರಾಸರಿ ನಾಲ್ಕು ಬಾರಿ ಅವರನ್ನು ಹಿಡಿದು ನೆಲಕ್ಕೆ ಕೆಡವಿದರು. ಚೆಂಡನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಇಟ್ಟುಕೊಳ್ಳುವ ಅವರ ಅಭ್ಯಾಸವೂ ಇದಕ್ಕೆ ಒಂದು ಕಾರಣವೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಮುಖ್ಯ ದೋಷ ಅವರನ್ನು ಕಾಯಲು ಮುಂದೆ ನಿಂತ ಐವರದು. ತಂಡ ಸತತ ಹತ್ತು ಪಂದ್ಯಗಳನ್ನು ಸೋತಿತು, ಋತುವಿನ ನಡುವೆಯೇ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರನ್ನು ತೆಗೆದುಹಾಕಿತು, ಕೊನೆಗೆ 5 ಗೆಲುವು ಮತ್ತು 12 ಸೋಲುಗಳೊಂದಿಗೆ ಋತುವನ್ನು ಮುಗಿಸಿತು. ಆ ದಿನಗಳಲ್ಲಿ ಒಂದು ರಾತ್ರಿ ಪಂದ್ಯ ನೋಡುತ್ತಿದ್ದ ಭಾವ, “ಹಾಲುವಾಣದ ಗೂಟ ಚಿಗುರುವ ಮೊದಲೇ ಮೆಣಸಿನ ಬಳ್ಳಿ ನೆಟ್ಟರೆ ಅದು ಯಾವುದನ್ನು ಹಿಡಿದು ಹಬ್ಬಬೇಕು?” ಎಂದು ಕೇಳಿದ್ದರು. ನನ್ನ ಮಟ್ಟಿಗೆ ಆ ಋತುವಿನ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಿಲ್ಲ.

ಹಾಗಾಗಿ ಜನವರಿಯಲ್ಲಿ ಕೋಚ್ ಆಗಿ ಬಂದ ಬೆನ್ ಜಾನ್ಸನ್ ಅವರ ಕಾಲದಲ್ಲಿ ನಡೆದ ಮೊದಲ ಕೆಲಸ ನನಗೆ ಪೂರ್ಣ ಸಮಾಧಾನ ತಂದಿತು. ಡ್ರಾಫ್ಟ್‌ಗೆ ತಿಂಗಳ ಮುಂಚೆಯೇ ತಂಡವು ಆ ಐವರ ಸಾಲಿನ ನಡುವಿನ ಮೂರೂ ಸ್ಥಾನಗಳನ್ನು, ಅಂದರೆ ಮಧ್ಯದ ಸೆಂಟರ್ ಮತ್ತು ಅವನ ಎರಡೂ ಪಕ್ಕದ ಗಾರ್ಡ್‌ಗಳನ್ನು, ಹೊಸದಾಗಿ ತುಂಬಿತು. ಕಾನ್ಸಾಸ್ ಸಿಟಿ ಚೀಫ್ಸ್‌ನಿಂದ ಗಾರ್ಡ್ ಜೋ ಥೂನಿ, ಲಾಸ್ ಏಂಜಲೀಸ್ ರ‍್ಯಾಮ್ಸ್‌ನಿಂದ ಗಾರ್ಡ್ ಜೋನಾ ಜ್ಯಾಕ್ಸನ್ ವಿನಿಮಯದಲ್ಲಿ ಬಂದರು. ಅಟ್ಲಾಂಟಾದಲ್ಲಿದ್ದ ಸೆಂಟರ್ ಡ್ರೂ ಡಾಲ್ಮನ್ ಮೂರು ವರ್ಷಗಳಿಗೆ 4.2 ಕೋಟಿ ಡಾಲರ್ ಒಪ್ಪಂದದ ಮೇಲೆ ಸೇರಿದರು. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದ ಥೂನಿಯವರಿಗಾಗಿ ಕೊಟ್ಟದ್ದು 2026ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಆಯ್ಕೆಯನ್ನು ಮಾತ್ರ. ಸಾಲಿನ ಬಲತುದಿಯಾದ ಬಲ ಟ್ಯಾಕಲ್ ಸ್ಥಾನದಲ್ಲಿ ಡಾರ್ನೆಲ್ ರೈಟ್ ಮೊದಲೇ ಗಟ್ಟಿಯಾಗಿ ನಿಂತಿದ್ದರು. ಉಳಿದದ್ದು ಎಡ ಟ್ಯಾಕಲ್ ಒಂದೇ. ವಿಲಿಯಮ್ಸ್ ಬಲಗೈಯಿಂದ ಎಸೆಯುವವರಾದ್ದರಿಂದ ಅವರ ಬೆನ್ನು ತಿರುಗುವುದು ಎಡಕ್ಕೆ; ಕಣ್ಣಿಗೆ ಕಾಣದ ಆ ಕಡೆಯಿಂದ ನುಗ್ಗಿ ಬರುವವರನ್ನು ತಡೆಯಬೇಕಾದವನೇ ಎಡ ಟ್ಯಾಕಲ್.

ಈ ಒಂದು ಸ್ಥಾನಕ್ಕೆ ನಾನು ಇಷ್ಟು ಮಹತ್ವ ಕೊಡುವುದು ಫೆಬ್ರವರಿ 9ರ ಸೂಪರ್ ಬೌಲ್ ನೋಡಿದ ಮೇಲೆ. ಚೀಫ್ಸ್ ತಂಡಕ್ಕೆ ಋತುವಿನ ಕೊನೆಯಲ್ಲಿ ನಂಬಬಹುದಾದ ಎಡ ಟ್ಯಾಕಲ್ ಇಲ್ಲದೆ, ಗಾರ್ಡ್ ಆಗಿ ಹೆಸರು ಮಾಡಿದ ಇದೇ ಥೂನಿಯವರನ್ನು ಹೊರಗಿನ ಆ ಜಾಗಕ್ಕೆ ಸರಿಸಬೇಕಾಯಿತು, ಅದರಿಂದ ಒಳಗಿನ ಜಾಗವೂ ಸಡಿಲವಾಯಿತು. ಫಿಲಡೆಲ್ಫಿಯಾ ಈಗಲ್ಸ್ ಹೆಚ್ಚುವರಿ ಆಟಗಾರರನ್ನು ದಾಳಿಗೆ ಕಳುಹಿಸದೆ, ತನ್ನ ಮುಂಚೂಣಿಯ ನಾಲ್ವರಿಂದಲೇ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು 6 ಬಾರಿ ಸ್ಯಾಕ್ ಮಾಡಿ 40-22ರಿಂದ ಗೆದ್ದಿತು. ಮಹೋಮ್ಸ್ ಅವರಂಥ ಆಟಗಾರರೇ ಅಲ್ಲಿ ಅಸಹಾಯಕರಾದ ಮೇಲೆ, ಎರಡನೇ ವರ್ಷಕ್ಕೆ ಕಾಲಿಡುತ್ತಿದ್ದ ವಿಲಿಯಮ್ಸ್ ಅವರ ಗತಿ ಏನು?

ಡ್ರಾಫ್ಟ್‌ನ ಮೊದಲ ಸುತ್ತು ಈ ಆಸೆಗೆ ಅನುಕೂಲವಾಗಲಿಲ್ಲ. ಟ್ಯಾಕಲ್‌ಗಳ ಪೈಕಿ ವಿಲ್ ಕ್ಯಾಂಪ್‌ಬೆಲ್ ನಾಲ್ಕನೆಯವರಾಗಿ ನ್ಯೂ ಇಂಗ್ಲೆಂಡ್‌ಗೆ, ಅರ್ಮಾಂಡ್ ಮೆಂಬೂ ಏಳನೆಯವರಾಗಿ ನ್ಯೂಯಾರ್ಕ್ ಜೆಟ್ಸ್‌ಗೆ ಹೋದರು. ನಮ್ಮ ಸರದಿಗೆ ಕೇವಲ ಒಂದು ಹೆಜ್ಜೆ ಮುಂಚೆ ಕೆಲ್ವಿನ್ ಬ್ಯಾಂಕ್ಸ್ ಅವರನ್ನೂ ನ್ಯೂ ಆರ್ಲಿಯನ್ಸ್ ತೆಗೆದುಕೊಂಡಿತು. ಹತ್ತನೇ ಆಯ್ಕೆಯಲ್ಲಿ ಬೇರ್ಸ್ ಮಿಶಿಗನ್‌ನ ಟೈಟ್ ಎಂಡ್ ಕೋಲ್‌ಸ್ಟನ್ ಲವ್‌ಲ್ಯಾಂಡ್ ಅವರ ಹೆಸರನ್ನು ಹೇಳಿದಾಗ ಭಾವ ಕೋಪದಿಂದಲೇ ಎದ್ದು ನಿಂತರು. “ಅದೇ ಜಾಗಕ್ಕೆ ಕೋಲ್ ಕ್ಮೆಟ್ ಇದ್ದಾನಲ್ಲ, ಮತ್ತೊಬ್ಬ ಯಾಕೆ? ಇಬ್ಬರು ಸೆಂಟರ್ ಫಾರ್ವರ್ಡ್‌ಗಳನ್ನು ಇಟ್ಟರೆ ಒಬ್ಬನ ದಾರಿಗೆ ಇನ್ನೊಬ್ಬ ಅಡ್ಡ” ಎಂದರು. ಆ ವಾರಗಳಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ಹಾಕಿ ಉತ್ಸವ ನಡೆಯುತ್ತಿತ್ತು, ಅವರು ಅದನ್ನು ನೋಡಲು ಮೇಲಿಂದ ಮೇಲೆ ಹೋಗಿ ಬರುತ್ತಿದ್ದರು. ಯಾವ ಆಟವನ್ನೇ ನೋಡಲಿ, ಹಾಕಿಯ ಕಣ್ಣಿನಿಂದ ನೋಡುವುದು ಅವರ ಸ್ವಭಾವ.

ಈ ಒಂದು ವಿಷಯದಲ್ಲಿ ನಾನು ಅವರನ್ನು ಒಪ್ಪುವುದಿಲ್ಲ. ಟೈಟ್ ಎಂಡ್ ಎಂದರೆ ಸೆಂಟರ್ ಫಾರ್ವರ್ಡ್ ಅಲ್ಲ. ಹಾಕಿಯ ಹೋಲಿಕೆಯೇ ಬೇಕೆಂದರೆ ಅವನು ಹಾಫ್ ಆಟಗಾರನಂತೆ ಎರಡು ಕೆಲಸ ಹೊತ್ತವನು. ಒಂದು ಪ್ರಯತ್ನದಲ್ಲಿ ಟ್ಯಾಕಲ್‌ನ ಪಕ್ಕದಲ್ಲಿ ನಿಂತು ಎದುರಾಳಿಯನ್ನು ತಡೆಯುತ್ತಾನೆ, ಮುಂದಿನ ಪ್ರಯತ್ನದಲ್ಲಿ ಅದೇ ಜಾಗದಿಂದ ಓಡಿ ಪಾಸ್ ಹಿಡಿಯುತ್ತಾನೆ. ಎರಡರಲ್ಲಿ ಯಾವುದು ಬರಲಿದೆ ಎಂದು ಎದುರಿನವರಿಗೆ ಮೊದಲೇ ತಿಳಿಯುವುದಿಲ್ಲ. ಇಬ್ಬರು ಟೈಟ್ ಎಂಡ್‌ಗಳು ಕಣದಲ್ಲಿದ್ದರೆ ದುರ್ಬಲವಾದ ಎಡತುದಿಗೆ ಒಬ್ಬನ ನೆರವನ್ನು ಸದಾ ಕೊಡಬಹುದು. ಜಾನ್ಸನ್ ಡೆಟ್ರಾಯಿಟ್ ಲಯನ್ಸ್‌ನಲ್ಲಿ ದಾಳಿಯ ಹೊಣೆ ಹೊರುವ ಮೊದಲು ಟೈಟ್ ಎಂಡ್‌ಗಳ ತರಬೇತುದಾರರೇ ಆಗಿದ್ದರು. 2023ರಲ್ಲಿ ಅವರ ಕೈಕೆಳಗೆ ಸ್ಯಾಮ್ ಲಪೋರ್ಟಾ ತಮ್ಮ ಮೊದಲ ವರ್ಷದಲ್ಲೇ 86 ಪಾಸ್ ಹಿಡಿದರು; 2024ರಲ್ಲಿ ಆ ತಂಡ ಗಳಿಸಿದ 564 ಅಂಕಗಳು ಇಡೀ ಲೀಗಿನಲ್ಲೇ ಹೆಚ್ಚು. ಲವ್‌ಲ್ಯಾಂಡ್ ಅವರಿಗೆ ಜನವರಿಯಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಗಿದೆಯೆಂಬ ಚಿಂತೆ ನನಗೂ ಇದೆ, ಆದರೂ ಆಯ್ಕೆ ಸರಿಯೆಂದೇ ಹೇಳುತ್ತೇನೆ. ನಾನು ಹಾಫ್ ಎಂದ ಮೇಲೆ ಭಾವ ಸ್ವಲ್ಪ ಮೆತ್ತಗಾದರು. ಕಾಲೇಜಿನ ದಿನಗಳಲ್ಲಿ ಅವರು ಆಡುತ್ತಿದ್ದುದು ಲೆಫ್ಟ್ ಹಾಫ್ ಸ್ಥಾನದಲ್ಲಿ.

ನನ್ನ ನಿಜವಾದ ಬೇಸರ ಎರಡನೇ ಸುತ್ತಿನದು. ಬೇರ್ಸ್ ಕೈಯಲ್ಲಿ 39 ಮತ್ತು 41ನೇ ಆಯ್ಕೆಗಳೆರಡೂ ಇದ್ದವು. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಎಡ ಟ್ಯಾಕಲ್ ಆಗಿಯೇ ಆಡಿದ ಏರಿಯಾಂಟೇ ಎರ್ಸರಿ ಆಗಲೂ ಉಳಿದಿದ್ದರು. ಅವರನ್ನು ಬಿಟ್ಟು 39ರಲ್ಲಿ ಮಿಸೌರಿಯ ರಿಸೀವರ್, ಅಂದರೆ ಓಡಿ ಪಾಸ್ ಹಿಡಿಯುವ, ಲೂಥರ್ ಬರ್ಡನ್ ಅವರನ್ನು ಆರಿಸಿದರು. ಬರ್ಡನ್ ಪ್ರತಿಭಾವಂತರೆಂಬುದರಲ್ಲಿ ಸಂಶಯವಿಲ್ಲ. 2023ರಲ್ಲಿ 86 ಪಾಸ್ ಹಿಡಿದು 1,212 ಗಜ ಸಾಗಿದವರು. ನಮ್ಮ ರಿಸೀವರ್ ಕೀನನ್ ಆಲೆನ್ ಅವರ ಒಪ್ಪಂದ ಮುಗಿದು ಒಂದು ಜಾಗ ಖಾಲಿಯಾಗಿದ್ದದ್ದೂ ನಿಜ. ಆದರೆ ಡಿ.ಜೆ. ಮೂರ್ ಮತ್ತು ರೋಮ್ ಒಡೂನ್ಜೆ ಇಬ್ಬರೂ ಇದ್ದ, ಅದೇ ಡ್ರಾಫ್ಟ್‌ನಲ್ಲಿ ಲವ್‌ಲ್ಯಾಂಡ್ ಅವರನ್ನೂ ಪಡೆದ ತಂಡಕ್ಕೆ ಪಾಸ್ ಹಿಡಿಯುವ ಇನ್ನೊಬ್ಬನ ಅವಸರ ಅಷ್ಟಿತ್ತೇ? ಅದಾದ ಮೇಲೂ 41 ಇತ್ತು. ಅದನ್ನು ಬಫಲೋ ತಂಡಕ್ಕೆ ಬಿಟ್ಟುಕೊಟ್ಟು 56ಕ್ಕೆ ಇಳಿದರು. ಇಳಿದ ಆ ಹದಿನೈದು ಸ್ಥಾನಗಳ ನಡುವೆ, 48ರಲ್ಲಿ, ಎರ್ಸರಿ ಹ್ಯೂಸ್ಟನ್ ಪಾಲಾದರು. 56ರಲ್ಲಿ ಸಿಕ್ಕಿದ ಓಝಿ ಟ್ರಪಿಲೋ ಬಾಸ್ಟನ್ ಕಾಲೇಜಿನಲ್ಲಿ ಕೊನೆಯ ಎರಡು ವರ್ಷ ಆಡಿದ್ದು ಬಲ ಟ್ಯಾಕಲ್ ಆಗಿ, ಅಂದರೆ ನಮಗೆ ಈಗಾಗಲೇ ಒಳ್ಳೆಯವರಿರುವ ಜಾಗದಲ್ಲಿ. ಹೆಜ್ಜೆಯಿಡುವ ಕಾಲು, ಮೊದಲು ಚಾಚುವ ಕೈ, ಮೈಯ ಭಾರ ಎಲ್ಲವೂ ಎಡಕ್ಕೆ ಬಂದರೆ ತಿರುಗುಮುರುಗಾಗುತ್ತವೆ. ಅದನ್ನು ಕಲಿಯಲು ಒಂದು ಬೇಸಿಗೆ ಸಾಲದು.

ಅಕ್ಕನ ಮಗನ ದೂರು ಬೇರೆ. ಅವನಿಗೆ ಬೇಕಿದ್ದದ್ದು ಚೆಂಡು ಹಿಡಿದು ಓಡುವ ರನಿಂಗ್ ಬ್ಯಾಕ್. “ಮಾವ, ಡಿಆಂಡ್ರೆ ಸ್ವಿಫ್ಟ್ ಒಂದು ಓಟಕ್ಕೆ ನಾಲ್ಕು ಗಜವೂ ತರಲಿಲ್ಲ, ಅದು ನಿಮಗೆ ಚಿಂತೆಯೇ ಅಲ್ಲವಾ?” ಎಂದು ಕೇಳುತ್ತಾನೆ. ಲೆಕ್ಕ ಸರಿಯಿದೆ, 2024ರಲ್ಲಿ ಸ್ವಿಫ್ಟ್ ಅವರ ಸರಾಸರಿ 3.8 ಗಜ. ಆದರೆ ಈ ಡ್ರಾಫ್ಟ್‌ನ ಓಟಗಾರರಲ್ಲಿ ಆಶ್ಟನ್ ಜೆಂಟಿ ಆರನೆಯವರಾಗಿ ಲಾಸ್ ವೇಗಸ್‌ಗೆ, ಟ್ರೆವೆಯಾನ್ ಹೆಂಡರ್ಸನ್ ನಮಗಿಂತ ಒಂದೇ ಸ್ಥಾನ ಮುಂಚೆ 38ರಲ್ಲಿ ನ್ಯೂ ಇಂಗ್ಲೆಂಡ್‌ಗೆ ಹೋದರು. ಏಳನೇ ಸುತ್ತಿನಲ್ಲಿ, 233ನೆಯವರಾಗಿ ಸಿಕ್ಕಿದ ರಟ್ಗರ್ಸ್‌ನ ಕೈಲ್ ಮೊನಂಗೈ ಎರಡು ವರ್ಷ ಸತತವಾಗಿ ಸಾವಿರ ಗಜ ದಾಟಿದವರು. ನಡುವಿನ ಮೂವರು ಹೊಸಬರು ದಾರಿ ತೆರೆದರೆ ಸ್ವಿಫ್ಟ್ ಅವರ ಸರಾಸರಿ ಏರುತ್ತದೆ ಎಂಬುದು ನನ್ನ ನಂಬಿಕೆ. ಅವನು ಇನ್ನೂ ಒಪ್ಪಿಲ್ಲ.

ಆ ಮೇ ತಿಂಗಳಲ್ಲಿ ಎಡತುದಿಗೆ ಮೂವರು ಸ್ಪರ್ಧಿಗಳಿದ್ದರು. ಬ್ರ್ಯಾಕ್ಸ್‌ಟನ್ ಜೋನ್ಸ್ ಅನುಭವಿ, ಆದರೆ ಡಿಸೆಂಬರ್‌ನಲ್ಲಿ ಮುರಿದ ಅವರ ಕಾಲಿನ ಗಂಟು ಆಗಿನ್ನೂ ಕೂಡಿಕೊಳ್ಳುತ್ತಿತ್ತು. ಕಿರನ್ ಅಮೆಗಾಜಿ 2024ರ ಡಿಸೆಂಬರ್ 16ರಂದು ಮಿನ್ನೆಸೋಟಾ ವೈಕಿಂಗ್ಸ್ ವಿರುದ್ಧ ಆ ಜಾಗದಲ್ಲಿ ಆಡಿ ತೀರಾ ತಿಣುಕಾಡಿದರು. ಮೂರನೆಯವರು ಟ್ರಪಿಲೋ. ಆರೋಗ್ಯ ಸರಿಹೋದರೆ ಜೋನ್ಸ್ ಅವರನ್ನೇ ನಿಲ್ಲಿಸಬೇಕು, ಇಲ್ಲವಾದರೆ ಕಷ್ಟವೋ ಸುಖವೋ ಟ್ರಪಿಲೋ ಅವರಿಗೆ ಮೊದಲ ದಿನದಿಂದಲೇ ಎಡಭಾಗದಲ್ಲಿ ಮಾತ್ರ ಅಭ್ಯಾಸ ಕೊಡಬೇಕು. ಥೂನಿಯವರನ್ನು ಮಾತ್ರ ಯಾವ ಕಾರಣಕ್ಕೂ ಗಾರ್ಡ್ ಸ್ಥಾನದಿಂದ ಕದಲಿಸಬಾರದು.

ಅದೇ ಮೇ ತಿಂಗಳಲ್ಲಿ ಬಿಡುಗಡೆಯಾದ ವೇಳಾಪಟ್ಟಿಯ ಪ್ರಕಾರ ಮೊದಲ ಪಂದ್ಯ 2025ರ ಸೆಪ್ಟೆಂಬರ್ 8ರ ಸೋಮವಾರ ರಾತ್ರಿ, ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ, ಅದೇ ವೈಕಿಂಗ್ಸ್ ವಿರುದ್ಧ. ಆಗ ಅವರ ರಕ್ಷಣಾ ಪಡೆಯನ್ನು ನಡೆಸುತ್ತಿದ್ದ ಬ್ರಯನ್ ಫ್ಲೋರೆಸ್ ಎಲ್ಲ ಕಡೆಯಿಂದಲೂ ಆಳು ನುಗ್ಗಿಸುವುದರಲ್ಲಿ ಹೆಸರಾದವರು. ನಮಗೆ ಅದು ಮಂಗಳವಾರ ಬೆಳಗಿನ ಐದೂ ಮುಕ್ಕಾಲು. ಮಳೆಗೆ ಕರೆಂಟ್ ಹೋದರೂ ನಡೆಯಲಿ ಎಂದು ಇನ್ವರ್ಟರ್ ಬ್ಯಾಟರಿಯನ್ನು ಈಗಲೇ ಬದಲಿಸಿದ್ದೇನೆ. ಭಾವ ಹಿಂದಿನ ಸಂಜೆಯೇ ಬಂದು ಉಳಿಯುತ್ತಾರೆ. ಆ ಪಂದ್ಯದ ಮೊದಲ ಹತ್ತು ಪ್ರಯತ್ನಗಳಲ್ಲಿ ನಾನು ಚೆಂಡನ್ನು ನೋಡುವುದಿಲ್ಲ, ಎಡತುದಿಯವನ ಪಾದಗಳನ್ನಷ್ಟೇ ನೋಡುತ್ತೇನೆ, ಸ್ವಿಫ್ಟ್ ಎಷ್ಟು ಗಜ ಓಡಿದರೆಂದು ನನ್ನನ್ನು ಕೇಳಬೇಡ ಎಂದು ಅಕ್ಕನ ಮಗನಿಗೆ ಹೇಳಿಟ್ಟಿದ್ದೇನೆ.