ಉಪ್ಪಿನ ಸರೋವರದಲ್ಲಿ ಎರಡು ಋತುಗಳು

ಸೈಪ್ರಸ್ ನೋಡಲು ಬೇಸಿಗೆಯೇ ಸರಿಯಾದ ಕಾಲ ಎಂದು ಪ್ರವಾಸದ ಜಾಹೀರಾತುಗಳೆಲ್ಲ ಹೇಳುತ್ತವೆ. ಹಕ್ಕಿ ನೋಡುವವರು ಆ ಮಾತನ್ನು ಪಕ್ಕಕ್ಕಿಟ್ಟು ಫೆಬ್ರವರಿಯ ಕೊನೆಗೆ ಅಥವಾ ಮಾರ್ಚ್ ಹುಟ್ಟುವಾಗ ಹೋಗಬೇಕು. ಉತ್ತರದ ಹಿಮ ತಪ್ಪಿಸಿಕೊಂಡು ಬಂದ ಚಳಿಗಾಲದ ಹಕ್ಕಿಗಳು ಆಗ ಇನ್ನೂ ಪೂರ್ತಿ ಹೊರಟಿರುವುದಿಲ್ಲ. ಆಫ್ರಿಕಾದಿಂದ ಮರಳುವ ಹಕ್ಕಿಗಳ ಮೊದಲ ತಂಡಗಳು ಆಗಲೇ ಇಳಿಯತೊಡಗಿರುತ್ತವೆ. ನಮ್ಮ ರಾಜ್ಯದ ಒಂದು ದೊಡ್ಡ ಜಿಲ್ಲೆಯಷ್ಟು, 9,251 ಚದರ ಕಿಲೋಮೀಟರ್ ಮಾತ್ರ ಇರುವ ಈ ದ್ವೀಪದಲ್ಲಿ 400ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ಯುರೋಪ್, ಏಷ್ಯಾ, ಆಫ್ರಿಕಾ ಮೂರಕ್ಕೂ ಹತ್ತಿರವಿರುವುದರಿಂದ ಸಮುದ್ರ ದಾಟುವ ಹಕ್ಕಿಗಳಿಗೆ ಇದು ತಂಗುದಾಣ.

ಲಾರ್ನಕಾದ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ಉಪ್ಪಿನ ಸರೋವರವಿದೆ. ತಂಗಿಯ ಗಂಡ ಲಿಮಸೋಲ್‌ನಲ್ಲಿ ಕೆಲಸದಲ್ಲಿದ್ದಾರೆ. ಕಾರು ತಂದಿದ್ದ ಅವರಿಗೆ, "ಮೊದಲು ಸರೋವರಕ್ಕೆ ಹೋಗೋಣ ಭಾವ, ಊಟ ಆಮೇಲೆ" ಎಂದೆ. ಅವರು ಮರುಮಾತಾಡದೆ ಕಾರು ತಿರುಗಿಸಿದರು. ಬ್ರಿಟಿಷರ ಆಳ್ವಿಕೆ ಉಳಿಸಿಹೋದ ಪದ್ಧತಿಯಂತೆ ಇಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಸಾಗುತ್ತವೆ.

ಖರ್ಜೂರದ ಮರಗಳ ನಡುವೆ ಹಾಲಾ ಸುಲ್ತಾನ್ ಟೆಕ್ಕೆ ಎಂಬ ಮಸೀದಿಯ ಗುಮ್ಮಟ. ಅದರ ಮುಂದೆ ಹರಡಿದ ನೀರಿನಲ್ಲಿ ರಾಜಹಂಸಗಳು. ಹೆಚ್ಚಿನವು ತಲೆಯನ್ನು ನೀರಿಗೆ ತಲೆಕೆಳಗಾಗಿ ಇಳಿಸಿ, ಕಾಲಿನಿಂದ ಕೆಸರು ಕದಡುತ್ತಾ ನಿಧಾನವಾಗಿ ಮುಂದೆ ಸರಿಯುತ್ತಿದ್ದವು. ಕೆಲವು ಗುಂಪು ಕಟ್ಟಿ, ಕತ್ತು ನೆಟ್ಟಗೆ ಮಾಡಿ, ತಲೆಯನ್ನು ಎಡಕ್ಕೆ ಬಲಕ್ಕೆ ಪಟಪಟನೆ ತಿರುಗಿಸುತ್ತಾ ಒಂದೇ ದಿಕ್ಕಿಗೆ ನಡೆದವು. ಜೊತೆ ಹುಡುಕುವ ಹಕ್ಕಿಗಳ ಕುಣಿತವದು. ಆದರೆ ಅವು ಇಲ್ಲಿ ಗೂಡು ಕಟ್ಟುವುದಿಲ್ಲ. ನವೆಂಬರ್ ಸುಮಾರಿಗೆ ಬಂದು, ನೀರು ಕಡಿಮೆಯಾಗುತ್ತಿದ್ದಂತೆ ಹೊರಟುಬಿಡುತ್ತವೆ.

ಈ ಸರೋವರವನ್ನು ಮಳೆಯೇ ಕಟ್ಟುತ್ತದೆ, ಬಿಸಿಲೇ ಕೆಡವುತ್ತದೆ. ಚಳಿಗಾಲದ ಮಳೆಯಲ್ಲಿ ತುಂಬಿದರೂ ಆಳ ಒಂದು ಮೀಟರ್ ಮುಟ್ಟುವುದು ಅಪರೂಪ. ನೀರು ಬಂದೊಡನೆ, ಒಣಗಿದ ಕೆಸರಿನಲ್ಲಿ ತಿಂಗಳುಗಟ್ಟಲೆ ಕಾದಿದ್ದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮೊಟ್ಟೆಗಳು ಒಡೆಯುತ್ತವೆ. ರಾಜಹಂಸಗಳು ಬರುವುದೇ ಆ ಸೀಗಡಿಗಳನ್ನು ತಿನ್ನಲು, ಹಕ್ಕಿಗಳ ಗರಿಯ ಕೆಂಪು ಬರುವುದೂ ಆ ಆಹಾರದಿಂದಲೇ. ಮಳೆ ಕೈಕೊಟ್ಟ ವರ್ಷ ಸೀಗಡಿಯಿಲ್ಲ, ಹಕ್ಕಿಯೂ ವಿರಳ. ಬೇಸಿಗೆಯಲ್ಲಿ ಉಳಿಯುವುದು ಉಪ್ಪಿನ ಬಿಳಿ ಪದರ. ಶತಮಾನಗಳ ಕಾಲ ಅದನ್ನು ಕೆರೆದು ಮಾರುತ್ತಿದ್ದರು. ದ್ರಾಕ್ಷಿ ಕೊಡಲೊಪ್ಪದ ಮುದುಕಿಯ ತೋಟವನ್ನು ಸಂತ ಲಾಜರಸ್ ಶಪಿಸಿ ಉಪ್ಪಾಗಿಸಿದ ಎಂಬ ಕಥೆ ಇಲ್ಲಿನವರ ಬಾಯಲ್ಲಿದೆ.

ಇಷ್ಟು ಚೆಂದದ ನೀರಿನ ತಳದಲ್ಲಿ ಸೀಸವಿದೆ ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು. ಸರೋವರದ ಉತ್ತರಕ್ಕೆ ಹಿಂದೆ ಬಂದೂಕು ಕ್ರೀಡೆಯ ಮೈದಾನವಿತ್ತು. ಅದನ್ನು ಮುಚ್ಚಿ ವರ್ಷಗಳೇ ಕಳೆದರೂ ಕೆಸರಿನಲ್ಲಿ ಹೂತ ಗುಂಡಿನ ಚೂರುಗಳು ಹೋಗಲಿಲ್ಲ. ಆಹಾರ ಅರೆಯಲೆಂದು ಸಣ್ಣ ಹರಳು ನುಂಗುವ ಹಕ್ಕಿಗಳ ಹೊಟ್ಟೆಗೆ ಅವೂ ಸೇರುತ್ತವೆ. 2003ರಲ್ಲಿ ಮತ್ತು 2021ರಲ್ಲಿ ಇಲ್ಲಿ ರಾಜಹಂಸಗಳು ಸೀಸದ ವಿಷದಿಂದ ಸತ್ತವು. ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಹೆಸರು ಬಂದರೆ ಸಾಲದು, ಆ ಕೆಸರನ್ನು ಪೂರ್ತಿ ಶುಚಿ ಮಾಡಲೇಬೇಕು.

ಲಾರ್ನಕಾದ ಹತ್ತಿರವೇ ಇರುವ ಒರೊಕ್ಲಿನಿಯ ಜೌಗು ಚಿಕ್ಕದು. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಹೋಟೆಲುಗಳು. ಮರದ ಮರೆಮನೆಯಲ್ಲಿ ಕುಳಿತರೆ ಲಾರಿಗಳ ಸದ್ದಿನ ನಡುವೆಯೇ ಬಾತುಗಳ ಕೂಗು ಕೇಳುತ್ತದೆ. ಅಲ್ಲಿ ನಮ್ಮ ಕೆರೆಗಳ ಪರಿಚಿತ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲೆತ್ತಿ ನಡೆದಾಡುತ್ತಿದ್ದವು. ನಮ್ಮ ಟಿಟ್ಟಿಭದ ಬಂಧುವೊಂದು, ರೆಕ್ಕೆಯಂಚಿನಲ್ಲಿ ಮುಳ್ಳಿರುವ ಬಗೆ, ಆ ಜೌಗಿನ ಮುಖ್ಯ ಅತಿಥಿ. ಈ ಎರಡೂ ಬಗೆಯ ಹಕ್ಕಿಗಳು ಇಲ್ಲಿ ಮರಿ ಮಾಡುತ್ತವೆಂಬ ಕಾರಣಕ್ಕೇ ಈ ಜೌಗಿಗೆ ಐರೋಪ್ಯ ಒಕ್ಕೂಟದ ಕಾನೂನಿನ ರಕ್ಷಣೆ ಸಿಕ್ಕಿದೆ.

ಲಿಮಸೋಲ್ ಬಳಿಯ ಅಕ್ರೊಟಿರಿಯ ಸರೋವರ ಬ್ರಿಟಿಷ್ ಸೇನಾನೆಲೆಯ ವ್ಯಾಪ್ತಿಯಲ್ಲಿದೆ. ಅಲ್ಲಿ ರಾಜಹಂಸಗಳು ದಡದಿಂದ ಬಲು ದೂರ, ದೂರದರ್ಶಕ ಬೇಕೇ ಬೇಕು. ನನಗೆ ಅಲ್ಲಿಗಿಂತ ಹೆಚ್ಚು ಇಷ್ಟವಾದದ್ದು ಪಶ್ಚಿಮಕ್ಕೆ ಸ್ವಲ್ಪ ದೂರದ ಎಪಿಸ್ಕೊಪಿಯ ಸುಣ್ಣಕಲ್ಲಿನ ಬಂಡೆಗಳು. ಬಹಳ ಹೊತ್ತು ಕಾದ ಮೇಲೆ ಎರಡು ಗ್ರಿಫನ್ ರಣಹದ್ದುಗಳು ರೆಕ್ಕೆ ಬಡಿಯದೆ ಕಡಲ ಮೇಲಿನಿಂದ ಬಂದು ಬಂಡೆಯ ಅಂಚಿಗೆ ಸರಿದವು. ನರಿ, ನಾಯಿಗಳಿಗೆಂದು ಇಟ್ಟ ವಿಷದ ಮಾಂಸ ತಿಂದು ಈ ದ್ವೀಪದ ರಣಹದ್ದುಗಳು ಬೆರಳೆಣಿಕೆಯಷ್ಟಕ್ಕೆ ಇಳಿದಿದ್ದವು. ಕ್ರೀಟ್‌ನಿಂದ, ಬಳಿಕ ಸ್ಪೇನ್‌ನಿಂದ ಹಕ್ಕಿಗಳನ್ನು ತಂದು ಬಿಟ್ಟು ಸಂತತಿ ಉಳಿಸುವ ಕೆಲಸ ನಡೆದಿದೆ. ದನದ ನೋವಿನ ಔಷಧಿಯಿಂದ ರಣಹದ್ದುಗಳನ್ನು ಕಳೆದುಕೊಂಡ ನಮಗೆ ಆ ದುಃಖ ಹೊಸದಲ್ಲ.

ಲಾರ್ನಕಾದಿಂದ ಪೂರ್ವಕ್ಕೆ ಹೋಗುವಾಗ ಪೈಲಾ ಭೂಶಿರ ಸಿಗುತ್ತದೆ. ಹಕ್ಕಿ ಹಿಡಿಯುವವರಿಗೆ ಹೆಸರಾದ ಜಾಗ. ಕಪ್ಪುಟೋಪಿಯ ಉಲಿಯಕ್ಕಿಯಂಥ ಪುಟ್ಟ ಹಕ್ಕಿಗಳನ್ನು ಬೇಯಿಸಿ ಬಡಿಸುವ 'ಅಂಬೆಲೊಪೂಲಿಯಾ' ಎಂಬ ಭಕ್ಷ್ಯಕ್ಕಾಗಿ ಬಲೆ ಹಾಕುತ್ತಾರೆ, ಧ್ವನಿವರ್ಧಕದಲ್ಲಿ ಹಕ್ಕಿಯ ಹಾಡು ಹಾಕಿ ಕರೆಯುತ್ತಾರೆ. ವೆನಿಸ್‌ನವರು ಆಳುತ್ತಿದ್ದ ಕಾಲದಲ್ಲೇ ಇಂಥ ಹಕ್ಕಿಗಳನ್ನು ಉಪ್ಪಿನಕಾಯಿಯಂತೆ ಜಾಡಿಗೆ ತುಂಬಿ ಕಳುಹಿಸುತ್ತಿದ್ದರಂತೆ. ಇನ್ನೊಂದು ವಿಧಾನ ಅಂಟುಕಡ್ಡಿ. ನಮ್ಮ ಚಳ್ಳೆಹಣ್ಣಿನ ಕುಲದ್ದೇ ಒಂದು ಮರದ ಹಣ್ಣನ್ನು ಕುದಿಸಿ ಅಂಟು ತೆಗೆದು, ಕಡ್ಡಿಗೆ ಬಳಿದು ಪೊದೆಯಲ್ಲಿ ಸಿಕ್ಕಿಸುತ್ತಾರೆ. ಚಿಕ್ಕಂದಿನಲ್ಲಿ ನಾವು ಗಾಳಿಪಟಕ್ಕೆ ಹಚ್ಚುತ್ತಿದ್ದ ಅಂಟು ಅಲ್ಲಿ ಹಕ್ಕಿಯ ಕಾಲಿಗೆ ಹತ್ತುತ್ತದೆಂದು ಕೇಳಿ ಮನಸ್ಸು ಕಹಿಯಾಯಿತು. 1974ರಿಂದಲೇ ಇದಕ್ಕೆ ಕಾನೂನಿನ ನಿಷೇಧವಿದೆ. ಬರ್ಡ್‌ಲೈಫ್ ಸೈಪ್ರಸ್ ಸಂಸ್ಥೆಯವರು ವರ್ಷವರ್ಷವೂ ಬಲೆಗಳ ಲೆಕ್ಕವಿಡುತ್ತಾರೆ. ಅಲ್ಲಿಯೂ ಇರುವ ಬ್ರಿಟಿಷ್ ಸೇನಾನೆಲೆಯ ಕಾವಲು ಬಿಗಿಯಾದ ಮೇಲೆ ಪೈಲಾದಲ್ಲಿ ಹಿಡಿಯುವುದು ಬಹಳ ತಗ್ಗಿದೆ. ಸಂಪ್ರದಾಯದ ಹೆಸರಿನಲ್ಲಿ ಇದನ್ನು ಸಮರ್ಥಿಸುವವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಆಗ್ನೇಯ ತುದಿಯ ಕೇಪ್ ಗ್ರೆಕೊದಲ್ಲಿ ಗಾಳಿ ಜೋರು. ದಾರಿಯಂಚಿನ ಮರದಲ್ಲಿ ನಮ್ಮ ಚಾತಕದ ಹತ್ತಿರದ ಬಂಧುವಾದ ಚುಕ್ಕೆ ಕೋಗಿಲೆಯೊಂದು ಪೈನ್ ಕಂಬಳಿಹುಳುಗಳನ್ನು ಕಿತ್ತು ತಿನ್ನುತ್ತಿತ್ತು. ಆಫ್ರಿಕಾದಿಂದ ಬಹು ಬೇಗ ಬರುವ ಹಕ್ಕಿ ಅದು. ಚಳಿಗಾಲದ ಕಪ್ಪು ರೆಡ್‌ಸ್ಟಾರ್ಟ್ ಬಾಲ ನಡುಗಿಸುತ್ತಾ ಇನ್ನೂ ಅದೇ ಬಂಡೆಗಳ ಮೇಲಿತ್ತು. ಪೊದೆಯೊಳಗೆ ಸೈಪ್ರಸ್ ಉಲಿಯಕ್ಕಿ ಒರಟು ದನಿಯಲ್ಲಿ ಗೊಣಗಿತು. ಆಮೇಲೆ ಜೀರುಂಡೆಯಂಥ ಸದ್ದು ಕೇಳಿ ತಲೆಯೆತ್ತಿದರೆ ಕಲ್ಲಿನ ತುದಿಯಲ್ಲಿ ಕಪ್ಪು ಬಿಳುಪಿನ ಸೈಪ್ರಸ್ ವೀಟಿಯರ್! ಇವೆರಡೂ ಭೂಮಿಯ ಮೇಲೆ ಮರಿ ಮಾಡುವುದು ಈ ದ್ವೀಪದಲ್ಲಿ ಮಾತ್ರ. ವೀಟಿಯರ್ ಚಳಿಗಾಲವನ್ನು ಸುಡಾನ್, ಇಥಿಯೋಪಿಯಾಗಳಲ್ಲಿ ಕಳೆದು, ಮರುಭೂಮಿಯನ್ನೂ ಕಡಲನ್ನೂ ದಾಟಿ ಬರುತ್ತದೆ. ಭಾವನಿಗೆ ದುರ್ಬೀನು ಕೊಟ್ಟೆ. ಎಷ್ಟೋ ವರ್ಷದಿಂದ ಈ ದ್ವೀಪದಲ್ಲಿದ್ದವರು ಆ ಹಕ್ಕಿಯನ್ನು ಮೊದಲ ಬಾರಿಗೆ ನೋಡಿ, ದುರ್ಬೀನು ಹಿಂದಿರುಗಿಸಲು ಮರೆತರು.

ಮುಂದಿನ ಸಲ ಆಗಸ್ಟ್ ಕೊನೆಗೆ ಬರಲು ಅವರೇ ಹೇಳಿದ್ದಾರೆ. ಆಲಮಟ್ಟಿ ಹಿನ್ನೀರಿನಲ್ಲಿ ನಾವು ನೋಡುವ ಡೆಮೊಯಿಸೆಲ್ ಕ್ರೇನ್‌ಗಳ ಇನ್ನೊಂದು ಬಳಗ ಆಗ ಆಫ್ರಿಕಾಕ್ಕೆ ಹೋಗುತ್ತಾ ಅಕ್ರೊಟಿರಿಯ ಮೇಲೆ ಹಾದುಹೋಗುತ್ತದೆ.